ತೋಟದ ಮನೆಯೋ, ಪೇಟೆಯ ಹಿರಿಯರ ವಸತಿಯೋ?

ವಯಸ್ಸಾದ ಮೇಲೆ ಎಲ್ಲಿರುವುದು ಒಳ್ಳೆಯದು? ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬಾಡಿಗೆ ಕೊಡಬೇಕಿಲ್ಲ. ಹಿತ್ತಲಲ್ಲಿ ಸೊಪ್ಪಿದೆ, ಕೂಗಿದರೆ ಬರುವ ನೆರೆಯವರಿದ್ದಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಅಲ್ವಾ? ಮರ ಬಿದ್ದು ಕರೆಂಟ್ ಹೋದರೆ ಫೋನೂ ಸತ್ತ ಹಾಗೆ. ಅಂಗಳದ ಪಾಚಿಯಲ್ಲಿ ಜಾರುವ ಭಯ ಬೇರೆ. ರಾತ್ರಿ ಎದೆನೋವು ಬಂದರೆ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ.

ಹಿರಿಯರ ವಸತಿಯಲ್ಲಿ ಅಡುಗೆ, ಕಸ ಗುಡಿಸುವ ತಲೆನೋವಿಲ್ಲ. ಆದರೆ ಅದು ಹೆಚ್ಚಾಗಿ ಸ್ವಂತವಾಗಿ ಓಡಾಡುವವರಿಗೆ. ಹಾಸಿಗೆ ಹಿಡಿದರೆ ಯಾರು ನೋಡಿಕೊಳ್ಳುತ್ತಾರೆ, ಡಿಪಾಸಿಟ್ ಎಷ್ಟು ವಾಪಸ್ ಬರುತ್ತದೆ, ತಿಂಗಳ ಖರ್ಚು ಹೇಗೆ ಏರುತ್ತದೆ? ಎಲ್ಲ ಕಾಗದದಲ್ಲಿ ಬರೆಸಿಕೊಳ್ಳಿ. ಕೆಸುವಿನ ಎಲೆಯ ಪತ್ರೊಡೆಯಂಥ ಮನೆ ತಿಂಡಿಯ ಆಸೆ ಮಾತ್ರ ಬಿಡಿ!

ಗಟ್ಟಿಯಾಗಿರುವ ಜೋಡಿಗೆ ತೋಟದ ಮನೆಯೇ ಸರಿ ಅನ್ನುತ್ತೇನೆ. ಒಬ್ಬರೇ ಉಳಿದರೆ ವಸತಿ. ಸುಮ್ನೆ ಮನೆ ಮಾರಬೇಡಿ, ಮೊದಲು ಒಂದು ತಿಂಗಳು ವಸತಿಯಲ್ಲಿದ್ದು ನೋಡಿ.