ವಿದ್ಯುತ್ ಅಳೆಯುವ ಜಿಗ್‌ಬೀ ಪ್ಲಗ್: ನಾಪೋಕ್ಲಿನ ಮಳೆಗಾಲದಲ್ಲಿ ಅದರ ವರದಿ ಮಿತಿಗಳನ್ನು ಹೊಂದಿಸಿದ ಬಗೆ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಬೀರುವಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಅದಕ್ಕೆಂದು ತಂದ, ಗಾಳಿಯ ತೇವವನ್ನು ಹೀರುವ ಡಿಹ್ಯೂಮಿಡಿಫೈಯರ್‌ನ ನೀರಿನ ತೊಟ್ಟಿ ತುಂಬಿದೊಡನೆ ಯಂತ್ರ ತಾನಾಗಿ ನಿಲ್ಲುತ್ತದೆ. ರಾತ್ರಿ ಯಾರೂ ಗಮನಿಸದಿದ್ದರೆ ಬೆಳಗಾಗುವಷ್ಟರಲ್ಲಿ ಕೋಣೆ ಮತ್ತೆ ತೇವವಾಗಿರುತ್ತದೆ. ಅದು ನಿಂತ ಕೂಡಲೇ ಫೋನಿಗೆ ಸಂದೇಶ ಬರಲಿ ಎಂಬ ಉದ್ದೇಶದಿಂದ ವಿದ್ಯುತ್ ಬಳಕೆಯನ್ನು ಅಳೆಯಬಲ್ಲ, 16 ಆಂಪಿಯರ್ ಸಾಮರ್ಥ್ಯದ ಎರಡು ಜಿಗ್‌ಬೀ (ಮನೆಯ ಉಪಕರಣಗಳು ನಿಸ್ತಂತುವಾಗಿ ಮಾತಾಡಿಕೊಳ್ಳುವ ಒಂದು ಪದ್ಧತಿ) ಪ್ಲಗ್‌ಗಳನ್ನು ಮೇ ತಿಂಗಳಲ್ಲಿ ಕೊಂಡೆ. ಎರಡನೆಯದು ಸ್ನಾನದ ಮನೆಯ 2,000 ವ್ಯಾಟ್ ಗೀಸರಿಗೆ. ಇವುಗಳನ್ನು ಜಿಗ್‌ಬೀ2ಎಂಕ್ಯೂಟಿಟಿ ಎಂಬ ಸೇತುವೆಯಂಥ ತಂತ್ರಾಂಶದ ಮೂಲಕ, ಮನೆಯ ಉಪಕರಣಗಳನ್ನೆಲ್ಲ ಒಂದೆಡೆಯಿಂದ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ತಂತ್ರಾಂಶಕ್ಕೆ ಜೋಡಿಸಿದ್ದೇನೆ.

ಪ್ಲಗ್‌ನ ಗುಣಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಿನ್ನುಗಳು ಬಿಗಿಯಾಗಿವೆ, ಗೀಸರ್ ಅರ್ಧ ಗಂಟೆ ಉರಿದರೂ ಮೈ ಅತಿಯಾಗಿ ಬಿಸಿಯಾಗುವುದಿಲ್ಲ. ಆದರೆ ಅದು ಯಾವಾಗ ವರದಿ ಮಾಡಬೇಕು ಎಂಬುದನ್ನು ಸರಿಯಾಗಿ ಹೊಂದಿಸದೆ ಹೋದರೆ ಕೊಟ್ಟ ಹಣ ಬಹುಮಟ್ಟಿಗೆ ವ್ಯರ್ಥ ಎಂಬುದು ನನಗೆ ಮೊದಲ ವಾರದಲ್ಲೇ ಮನವರಿಕೆಯಾಯಿತು.

ಪ್ರತಿಯೊಂದು ಅಳತೆಗೂ ಮೂರು ಸಂಖ್ಯೆಗಳನ್ನು ನೀಡಬೇಕಾಗುತ್ತದೆ. ಎರಡು ವರದಿಗಳ ನಡುವೆ ಕನಿಷ್ಠ ಎಷ್ಟು ಸೆಕೆಂಡು ಕಾಯಬೇಕು, ಏನೂ ಬದಲಾಗದಿದ್ದರೂ ಗರಿಷ್ಠ ಎಷ್ಟು ಸೆಕೆಂಡಿಗೊಮ್ಮೆ ವರದಿ ಮಾಡಬೇಕು, ಮತ್ತು ಹಿಂದೆ ಹೇಳಿದ ಮೌಲ್ಯಕ್ಕಿಂತ ಎಷ್ಟು ವ್ಯತ್ಯಾಸವಾದರೆ ಹೊಸದಾಗಿ ಹೇಳಬೇಕು (ಮುಂದೆ ವ್ಯಾಟ್‌ಗಳಲ್ಲಿ ಹೇಳುವ ಮಿತಿ ಎಂದರೆ ಇದೇ). ನನ್ನ ಪ್ಲಗ್ ಪೆಟ್ಟಿಗೆಯಿಂದ ಬಂದಾಗ ಕನಿಷ್ಠ 5 ಸೆಕೆಂಡು, ವ್ಯತ್ಯಾಸ 1 ವ್ಯಾಟ್ ಅಥವಾ 1 ವೋಲ್ಟ್ ಎಂಬ ಲೆಕ್ಕದಲ್ಲಿತ್ತು. ಗಾಳಿಮಳೆಗೆ ಮರದ ಕೊಂಬೆಗಳು ತಂತಿಗೆ ತಾಗಿ ವೋಲ್ಟೇಜ್ ಸದಾ ಏರಿಳಿಯುವ ನಮ್ಮ ಕಡೆ ಇದರ ಪರಿಣಾಮವೆಂದರೆ, ಪ್ಲಗ್‌ಗಳು ಹಗಲು ರಾತ್ರಿ ಬಿಡುವಿಲ್ಲದೆ ಮಾತಾಡತೊಡಗಿದವು. ಹೋಮ್ ಅಸಿಸ್ಟೆಂಟ್ ಪ್ರತಿ ಬದಲಾವಣೆಯನ್ನೂ ದಾಖಲಿಸಿ, ಬೇರೆ ಸೂಚನೆ ಇಲ್ಲದಿದ್ದರೆ 10 ದಿನ ಇಟ್ಟುಕೊಳ್ಳುವುದರಿಂದ ಅದು ಓಡುವ ಕೇಂದ್ರ ಯಂತ್ರದ ಮೆಮೊರಿ ಕಾರ್ಡಿನ ಮೇಲೂ ಅನಗತ್ಯ ಹೊರೆ ಬಿತ್ತು.

ಅದನ್ನು ತಡೆಯಲು ನಾನು ಮಾಡಿದ ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ಇದನ್ನೇ ಮಾಡಬಹುದು. ವಿದ್ಯುತ್ತಿನ ಮಿತಿಯನ್ನು 50 ವ್ಯಾಟ್‌ಗೂ ಗರಿಷ್ಠ ಅವಧಿಯನ್ನು 3,600 ಸೆಕೆಂಡಿಗೂ ಏರಿಸಿದೆ. ನಮ್ಮ ಡಿಹ್ಯೂಮಿಡಿಫೈಯರ್ ಕಂಪ್ರೆಸರ್ ಓಡುವಾಗ ಸುಮಾರು 260 ವ್ಯಾಟ್, ಫ್ಯಾನ್ ಮಾತ್ರ ತಿರುಗುವಾಗ 38 ವ್ಯಾಟ್, ತೊಟ್ಟಿ ತುಂಬಿ ನಿಂತಾಗ 1 ವ್ಯಾಟ್ ಎಳೆಯುತ್ತದೆ. ಕಂಪ್ರೆಸರ್ ನಿಂತದ್ದು ವರದಿಯಾಯಿತು. ಆದರೆ 38ರಿಂದ 1ಕ್ಕೆ ಇಳಿದದ್ದು ಕೇವಲ 37 ವ್ಯಾಟ್ ವ್ಯತ್ಯಾಸವಾದ್ದರಿಂದ ಪ್ಲಗ್ ಸುಮ್ಮನಿತ್ತು, ಸಂದೇಶ ಬಂದದ್ದು ಹೆಚ್ಚುಕಡಿಮೆ ಒಂದು ಗಂಟೆಯ ಅನಂತರ. ನಮಗೆ ತಿಳಿಯಬೇಕಾದ ಅತಿ ಸಣ್ಣ ಇಳಿತಕ್ಕಿಂತ ಮಿತಿ ಕಡಿಮೆ ಇರಲೇಬೇಕು. ಈಗ ಅದನ್ನು 15 ವ್ಯಾಟ್‌ಗೆ ಇಳಿಸಿ, ಕನಿಷ್ಠ ಅವಧಿಯನ್ನು 10 ಸೆಕೆಂಡು ಮಾಡಿದ್ದೇನೆ. ತೊಟ್ಟಿ ತುಂಬಿದ ಅರ್ಧ ನಿಮಿಷದೊಳಗೆ ಅಮ್ಮನ ಫೋನಿಗೂ ನನ್ನ ಫೋನಿಗೂ ಸಂದೇಶ ತಲುಪುತ್ತದೆ.

ಗೀಸರಿನ ಲೆಕ್ಕವೇ ಬೇರೆ. ಅದರ ಕಾಯಿಲ್ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟ್‌ನಲ್ಲಿ 2,000 ವ್ಯಾಟ್ ಎಳೆಯುವ ಗೀಸರ್ ಒಂದೇ ವೋಲ್ಟ್ ಇಳಿದರೆ 17 ವ್ಯಾಟ್ ಕಡಿಮೆ ಎಳೆಯುತ್ತದೆ. 200 ವೋಲ್ಟ್‌ಗೆ ಇಳಿದರೆ 1,512 ವ್ಯಾಟ್‌ಗೆ ಬಂದು ನಿಲ್ಲುತ್ತದೆ. ಡಿಹ್ಯೂಮಿಡಿಫೈಯರ್‌ಗೆ ಹೊಂದುವ 15 ವ್ಯಾಟ್ ಮಿತಿಯನ್ನು ಇಲ್ಲಿಗೂ ಇಟ್ಟರೆ ವೋಲ್ಟೇಜಿನ ಪ್ರತಿ ಅಲುಗಾಟವೂ ವರದಿಯಾಗುತ್ತದೆ. ಗೀಸರ್ ಹೊತ್ತಿತೇ, ಆರಿತೇ ಎಂಬುದಷ್ಟೇ ನನಗೆ ಬೇಕಾಗಿದ್ದರಿಂದ 500 ವ್ಯಾಟ್ ಇಟ್ಟಿದ್ದೇನೆ. ವೈಫೈ ಪ್ಲಗ್‌ಗಳಲ್ಲಿ ಟಾಸ್ಮೋಟಾ ಎಂಬ ತಂತ್ರಾಂಶ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ಇದೇ ವ್ಯತ್ಯಾಸದ ಮಿತಿಯನ್ನು ಹೊಂದಿಸುವ ಅದರ ಪವರ್‌ಡೆಲ್ಟಾ ಆದೇಶದಲ್ಲಿ 1ರಿಂದ 100ರವರೆಗಿನ ಸಂಖ್ಯೆ ಶೇಕಡಾವಾರು, 101ರಿಂದ ಮುಂದಿನದು 100 ಕಳೆದು ಉಳಿದಷ್ಟು ವ್ಯಾಟ್, ಗೀಸರಿಗೆ ಶೇ. 5 ಎಂದರೆ ಕೇವಲ 6 ವೋಲ್ಟ್ ವ್ಯತ್ಯಾಸ ಎಂಬುದನ್ನು ನೆನಪಿಡಬೇಕು.

ವರದಿ ವಿರಳವಾದರೆ ಬಳಸಿದ ಯೂನಿಟ್‌ಗಳ ಲೆಕ್ಕ ತಪ್ಪುವುದೇ ಎಂದು ನಮ್ಮ ಅಣ್ಣ ಕೇಳಿದ್ದರು. ತಪ್ಪುವುದಿಲ್ಲ. ಯೂನಿಟ್‌ಗಳನ್ನು ಪ್ಲಗ್ ತನ್ನೊಳಗೇ ಕೂಡಿಸಿಕೊಂಡು ಹೋಗುತ್ತದೆ, ಒಟ್ಟು ಮೊತ್ತವನ್ನು ತಡವಾಗಿ ಹೇಳುತ್ತದೆ ಅಷ್ಟೆ.

ಎರಡು ಕೊರತೆಗಳನ್ನು ಹೇಳಲೇಬೇಕು. ಕರೆಂಟ್ ಹೋಗಿ ಬಂದ ಮೇಲೆ ಗೀಸರಿನ ಪ್ಲಗ್ ಎರಡು ಬಾರಿ ನನ್ನ ಮಿತಿಗಳನ್ನು ಮರೆತು ಹಳೆಯ ಸಂಖ್ಯೆಗಳಿಗೆ ಮರಳಿತು. ಮಳೆಗಾಲದಲ್ಲಿ ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಊರಿಗೆ ಇದು ಸಣ್ಣ ದೋಷವಲ್ಲ. ಜೊತೆಗೆ, ಸಂಖ್ಯೆಗಳನ್ನು ಪ್ಲಗ್‌ನ ಒಳಗಿನ ಮಾನದಲ್ಲೇ ಬರೆಯಬೇಕು ಎಂಬುದನ್ನು ಕೈಪಿಡಿ ತಿಳಿಸುವುದಿಲ್ಲ. ವೋಲ್ಟ್‌ನ ಹತ್ತನೆಯ ಒಂದು ಭಾಗವನ್ನು ಮಾನವಾಗಿ ಎಣಿಸುವ ಪ್ಲಗ್‌ನಲ್ಲಿ 5 ಎಂದು ಬರೆದರೆ ಅದು 5 ವೋಲ್ಟ್ ಅಲ್ಲ, ಅರ್ಧ ವೋಲ್ಟ್. ಕೊಳ್ಳುವ ಮೊದಲು ಇನ್ನೊಂದು ವಿಚಾರಿಸಿರಿ: ಕೆಲವು ಪ್ಲಗ್‌ಗಳು ಈ ಮಿತಿಗಳನ್ನು ಒಪ್ಪುವುದೇ ಇಲ್ಲ, ಅವುಗಳನ್ನು ಕೇಂದ್ರ ಯಂತ್ರವೇ ಆಗಾಗ ಕೇಳಿ ತಿಳಿಯಬೇಕಾಗುತ್ತದೆ.

ಈ ಕೊರತೆಗಳಿದ್ದರೂ ಮೂರನೆಯ ಪ್ಲಗ್ ತರಿಸಿ ಹಂದಿಮಾಂಸ ಇಡುವ ಫ್ರೀಜರಿಗೆ ಹಾಕಿದ್ದೇನೆ. ಅಲ್ಲಿ ನನಗೆ ಮುಖ್ಯವಾದದ್ದು ವ್ಯಾಟ್‌ಗಳ ಮಿತಿಯಲ್ಲ, ಗರಿಷ್ಠ ಅವಧಿ. ಕರೆಂಟ್ ಹೋದರೆ ಪ್ಲಗ್ ತಾನೇ ಸತ್ತಿರುವುದರಿಂದ ಏನನ್ನೂ ಹೇಳಲಾರದು. ಆದ್ದರಿಂದ ಆ ಅವಧಿಯನ್ನು 300 ಸೆಕೆಂಡಿಗೆ ಇಟ್ಟು, ಕೇಂದ್ರ ಯಂತ್ರವನ್ನೂ ರೌಟರನ್ನೂ ಇನ್ವರ್ಟರಿಗೆ ಜೋಡಿಸಿ, 15 ನಿಮಿಷ ಪ್ಲಗ್‌ನಿಂದ ಯಾವ ಸುದ್ದಿಯೂ ಬರದಿದ್ದರೆ ಎಚ್ಚರಿಸುವಂತೆ ಮಾಡಿದ್ದೇನೆ.