ರೀಟೂನಾ: ಬಳಸಿದ್ದನ್ನೇ ಮಾರುವ ಮಾಲ್

ಸ್ವೀಡನ್‌ನ ವೆಸ್ಟೆರೋಸ್‌ನಲ್ಲಿರುವ ನಾವು ಪಕ್ಕದ ಎಸ್ಕಿಲ್‌ಸ್ಟೂನಾದ ಈ ಮಾಲ್‌ಗೆ ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಹೋಗುತ್ತೇವೆ. 2015ರಲ್ಲಿ ಶುರುವಾದದ್ದು, ನಡೆಸುವುದು ನಗರಸಭೆಯದೇ ಕಂಪನಿ. ಇಲ್ಲಿ ಮಾರಾಟಕ್ಕಿರುವುದು ಬಹುಪಾಲು ಯಾರೋ ಬಳಸಿ ಬಿಟ್ಟದ್ದು, ಇಲ್ಲವೇ ಅದನ್ನೇ ರಿಪೇರಿ ಮಾಡಿದ್ದು.

ಅಂಗಡಿಗಳಿಗಿಂತ ಮೊದಲು 'ರೆತೂರೆನ್' ಎಂಬ ಕೌಂಟರ್ ನೋಡಿ. ಅದು ಊರಿನ ಕಸ ವಿಂಗಡಣೆ ಕೇಂದ್ರದ ಪಕ್ಕದಲ್ಲೇ ಇದೆ. ಕಸ ಎಸೆಯಲು ಕಾರಿನಲ್ಲಿ ಬಂದವರು ಇನ್ನೂ ಬಾಳುವಂಥದ್ದನ್ನು ಇಲ್ಲಿ ಕೊಡಬಹುದು. ಸಿಬ್ಬಂದಿ ಅದನ್ನು ಬೇರ್ಪಡಿಸಿ ಅಂಗಡಿಗಳಿಗೆ ಹಂಚುತ್ತಾರೆ. ಹೋದ ಸಲ ಮಗನ ಚಿಕ್ಕ ಸೈಕಲ್ ಕೊಟ್ಟೆವು. ತೆಗೆದುಕೊಂಡವರು ಹಿಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಒತ್ತಿ, ಚೈನಿಗೆ ಬೆರಳು ಹಚ್ಚಿ ನೋಡಿದರು. ಬೆಲ್ ಮೇಲಿಂದ ಕೈ ತೆಗೆಯದೆ ನಿಂತಿದ್ದ ಮಗ ಆಗಲೇ ಬಿಟ್ಟುಕೊಟ್ಟಿದ್ದು.

ಊರಿಂದ ಬಂದಿದ್ದ ಅಮ್ಮ, "ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೋತಿದ್ವಲ್ಲ, ಹಂಗೇನೇ ಇದು?" ಅಂದಳು. ಇಲ್ಲಿ ಪಾತ್ರೆ ಸಿಗಲ್ಲಮ್ಮ, ಸುಮ್ಮನೆ ಕೊಡೋದು ಅಂದೆ.

ಎಸ್ಕಿಲ್‌ಸ್ಟೂನಾದ ಮನೆಗಳಲ್ಲಿ ಕಸಕ್ಕೆ ಏಳು ಬಣ್ಣದ ಚೀಲ: ಆಹಾರಕ್ಕೆ ಹಸಿರು, ಪ್ಲಾಸ್ಟಿಕ್‌ಗೆ ಕಿತ್ತಳೆ, ಹೀಗೆ. ಅಷ್ಟು ಶಿಸ್ತಿದ್ದರೂ ಸ್ವೀಡನ್‌ನಲ್ಲಿ ಮನೆಗಳ ಕಸದ ಸುಮಾರು ಅರ್ಧ ಸುಟ್ಟು ಶಾಖವಾಗುತ್ತದೆ. ಕುಲುಮೆಗಳಿಗೆಂದು ಹೊರದೇಶದ ಕಸವೂ ಬರುತ್ತದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರಬೇಕು, ಒಪ್ಪುತ್ತೇನೆ. ಆದರೆ ಗಟ್ಟಿ ಕುರ್ಚಿ ಉರಿದು ಹೋಗುವುದು ನನಗೆ ನಷ್ಟವೇ. ರಿಪೇರಿಗೆ ಸರ್ಕಾರ ಇನ್ನೂ ಗಟ್ಟಿಯಾಗಿ ನಿಲ್ಲಬೇಕು. ಸೈಕಲ್, ಶೂ, ಬಟ್ಟೆ ರಿಪೇರಿಯ ತೆರಿಗೆಯನ್ನು 2017ರಲ್ಲಿ 25ರಿಂದ 12 ಶೇಕಡಕ್ಕೆ ಇಳಿಸಿದರು, ಆಮೇಲೂ ಅದು ಇಳಿದು ಏರಿತು. ನಮ್ಮೂರಿನ ಒಂದು ಅಂಗಡಿಯಲ್ಲಂತೂ ನನ್ನ ಬೂಟಿನ ಜಿಪ್ ನೋಡದೆಯೇ "ಹೊಸದು ತಗೊಳ್ಳಿ" ಅಂದುಬಿಟ್ಟರು.

ರೀಟೂನಾದಲ್ಲಿ ನಾವು ಕೊಂಡದ್ದು ಒಂದು ಮರದ ಕುರ್ಚಿ. ಸೀಟಿಗೆ ಹೊಸ ನೀಲಿ ಬಟ್ಟೆ. ಬುಡಮೇಲು ಮಾಡಿದರೆ ಹಳೇ ಮೊಳೆಯ ತೂತುಗಳ ಪಕ್ಕದಲ್ಲೇ ಹೊಸ ಮೊಳೆಗಳ ಸಾಲು. ಅಗ್ಗವೆಂದು ಹೋಗಬೇಡಿ, ದುರಸ್ತಿಯ ಕೂಲಿಯೂ ಬೆಲೆಯಲ್ಲಿ ಸೇರಿರುತ್ತದೆ. ಆ ಕೂಲಿ ಕೊಡಲು ನನಗೆ ಸಂತೋಷ.

ಸ್ಟಾಕ್‌ಹೋಮ್‌ನಿಂದ ಎಸ್ಕಿಲ್‌ಸ್ಟೂನಾಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಹೋಗುವಾಗ ಸ್ಟೋರ್‌ರೂಮಿನಿಂದ ಏನಾದರೂ ಒಯ್ಯಿರಿ.