ಆರು ವರ್ಷ ಅನಿಮಲ್ ಕ್ಯೂಟಿಎಲ್‌ಡಿಬಿ ಬಳಸಿದ ಮೇಲೆ: ಹೋಲ್‌ಸ್ಟೀನ್‌ಗೆ ಐದು ಸ್ಟಾರ್, ನಮ್ಮ ಗಿಡ್ಡ ದನಕ್ಕೆ ಎರಡು

ಮಿಕ್ಸಿ, ಫೋನು, ಗ್ರೈಂಡರ್ ಎಲ್ಲದಕ್ಕೂ ರಿವ್ಯೂ ಉಂಟು, ಪ್ರಾಣಿಗಳ ಜೀನಿನ ಈ ಡೇಟಾಬೇಸಿಗೆ ಕನ್ನಡದಲ್ಲಿ ಯಾರೂ ಬರ್ದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ನಾನೇ ಕೂತೆ. ನಾನು ಮಂಗಳೂರಲ್ಲಿ ಒಂದು ಕಾಲೇಜಲ್ಲಿ ಬಯೋಟೆಕ್ ಪಾಠ ಮಾಡುವವಳು. ಅಮ್ಮನ ಮನೆ ಹೆಬ್ರಿ ಹತ್ತಿರ, ಅಲ್ಲಿ ಹಟ್ಟಿಯಲ್ಲಿ ಈಗ ಎರಡು ಜೆರ್ಸಿ ಕ್ರಾಸ್, ಒಂದು ಎಚ್‌ಎಫ್ (ಹೋಲ್‌ಸ್ಟೀನ್) ಕ್ರಾಸ್, ಮತ್ತೆ ಯಾರ ಮಾತೂ ಕೇಳದ ಒಂದು ಮಲೆನಾಡು ಗಿಡ್ಡ. ಕಾಲೇಜಿನ ಪ್ರಾಜೆಕ್ಟಿಗೆ ಅಂತ ಈ ಡೇಟಾಬೇಸ್ ಶುರು ಮಾಡಿದ್ದು, ಆಮೇಲೆ ಮನೆಯ ದನಗಳ ಕುತೂಹಲಕ್ಕೂ ನೋಡ್ಲಿಕ್ಕೆ ಹೊರಟೆ, ಹೀಗೆ ಆರು ವರ್ಷ ಆಯ್ತು.

ಎಂತ ಇದು ಅಂತ ಗೊತ್ತಿಲ್ಲದವರಿಗೆ: ದನ, ಹಂದಿ, ಕೋಳಿ, ಕುರಿ, ಆಡು, ಕುದುರೆ, ರೈನ್‌ಬೋ ಟ್ರೌಟ್ ಮೀನು, ಇವುಗಳ ಯಾವ ಕ್ರೋಮೋಸೋಮಿನ ಯಾವ ಜಾಗಕ್ಕೂ ಯಾವ ಗುಣಕ್ಕೂ ಸಂಬಂಧ ಉಂಟು ಅಂತ ಪ್ರಪಂಚದ ಪೇಪರ್‌ಗಳಲ್ಲಿ ಬಂದದ್ದನ್ನು ಓದಿ, ಹೆಕ್ಕಿ, ಒಂದು ಕಡೆ ಒಟ್ಟು ಮಾಡಿಟ್ಟದ್ದು. ಇಂಥ ಜಾಗಕ್ಕೆ ಕ್ಯೂಟಿಎಲ್ ಅಂತ ಹೆಸರು. ಅಮೆರಿಕದ ಅಯೋವಾ ಸ್ಟೇಟ್ ಯೂನಿವರ್ಸಿಟಿಯಿಂದ ನಡೀತದೆ. 2005ರ ಹೊತ್ತಿಗೆ ಹಂದಿಯದ್ದರಿಂದ ಶುರುವಾದದ್ದು, ಉಳಿದ ಪ್ರಾಣಿಗಳು ಒಂದೊಂದೇ ಬಂದು ಸೇರಿಕೊಂಡವು. ಈಗ ದನದ್ದೇ ಒಂದು ಲಕ್ಷಕ್ಕೂ ಮೇಲೆ ಎಂಟ್ರಿ ಉಂಟು. ದುಡ್ಡಿಲ್ಲ, ಹುಡುಕ್ಲಿಕ್ಕೂ ಡೌನ್‌ಲೋಡ್ ಮಾಡ್ಲಿಕ್ಕೂ ಲಾಗಿನ್ ಕೇಳುವುದಿಲ್ಲ, ಓಟಿಪಿ ಕಾಟ ಇಲ್ಲ. ಒಂದು ಜರ್ನಲ್ ಪೇಪರ್ ಓದ್ಲಿಕ್ಕೆ ಎರಡು ಸಾವಿರ ಮೂರು ಸಾವಿರ ಕೇಳುವ ಕಾಲದಲ್ಲಿ ನಮ್ಮಂಥ ಸಣ್ಣ ಕಾಲೇಜಿನವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಹೇಳಿ ಮುಗಿಯುವುದಿಲ್ಲ.

ಒಳಗೆ ಹೋದ್ರೆ ದನದ ಗುಣಗಳನ್ನು ಹಾಲು, ಮಾಂಸ, ಆರೋಗ್ಯ, ಬೆಳವಣಿಗೆ-ಉತ್ಪಾದನೆ, ಗರ್ಭ-ಕರು, ಹೊರಗಿನ ರೂಪ ಅಂತ ಆರು ಗುಂಪು ಮಾಡಿ ಇಟ್ಟಿದ್ದಾರೆ. ಕೆಚ್ಚಲಿನ ಆಕಾರದಿಂದ ಹಿಡಿದು ಉಣ್ಣಿ ಹಿಡಿಯದೆ ಇರುವ ಗುಣದ ವರೆಗೂ ಸಿಗ್ತದೆ. ಒಂದು ಎಂಟ್ರಿ ತೆಗೆದ್ರೆ ಗುಣದ ಹೆಸರು, ಕ್ರೋಮೋಸೋಮ್ ನಂಬರ್, ಜಾಗ, ಪಿ ವ್ಯಾಲ್ಯೂ, ಯಾವ ತಳಿಯಲ್ಲಿ ನೋಡಿದ್ದು, ಮೂಲ ಪೇಪರಿನ ಪಬ್‌ಮೆಡ್ ಕೊಂಡಿ. ನನಗೆ ತುಂಬಾ ಇಷ್ಟ ಆದದ್ದು ಈ ಕಡೆಯದ್ದು. ಯಾರೋ ಹೇಳಿದ್ರು ಅಂತ ಅಲ್ಲಿಗೇ ಬಿಡುವುದಿಲ್ಲ, ಯಾರು ಹೇಳಿದ್ದು, ಎಲ್ಲಿ ಹೇಳಿದ್ದು ಅಂತ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸ್ತದೆ.

ಹೊಸಬರು 14ನೇ ಕ್ರೋಮೋಸೋಮ್ ತೆಗೆದು ನೋಡಿ. ಶುರುವಿನಲ್ಲೇ ಹಾಲಿನ ಫ್ಯಾಟಿನ ಎಂಟ್ರಿಗಳು ಕಾರ್ ಸ್ಟ್ರೀಟ್‌ನಲ್ಲಿ ತೇರಿನ ದಿನ ಜನ ಸೇರಿದ ಹಾಗೆ ಒಂದರ ಮೇಲೆ ಒಂದು ಇರ್ತವೆ. ಅದು ಡಿಜಿಎಟಿ1 ಅನ್ನುವ ಜೀನಿನ ಜಾಗ. ಅದರ ಪ್ರೋಟೀನಿನ 232ನೇ ಸ್ಥಾನದಲ್ಲಿ ಲೈಸಿನ್ ಅನ್ನುವ ಅಮೈನೋ ಆಸಿಡ್ ಇದ್ರೆ ಹಾಲಿನಲ್ಲಿ ಫ್ಯಾಟ್ ಜಾಸ್ತಿ, ಅಲನಿನ್ ಇದ್ರೆ ಹಾಲು ಜಾಸ್ತಿ ಫ್ಯಾಟ್ ಕಡಿಮೆ, 2002ರಲ್ಲಿ ಗೊತ್ತಾದ ಸಂಗತಿ. ನಮ್ಮ ಡುಬ್ಬದ ದನಗಳಲ್ಲಿ ಹೆಚ್ಚುಕಡಿಮೆ ಎಲ್ಲ ಲೈಸಿನ್ ಕಡೆಯವೇ. ಡಿಪೋದಲ್ಲಿ ಫ್ಯಾಟ್ ನೋಡುವಾಗ ನಮ್ಮ ಎಚ್‌ಎಫ್ ಹಾಲು ಮೂರೂವರೆ ದಾಟ್ಲಿಕ್ಕೆ ಒದ್ದಾಡ್ತದೆ, ಗಿಡ್ಡ ಕೊಡುವುದು ದಿನಕ್ಕೆ ಒಂದೂವರೆ ಲೀಟರ್ ಆದ್ರೂ ಆ ಹಾಲಿನ ಕೆನೆ ನೋಡ್ಬೇಕು ನೀವು. ಪೂರ್ತಿ ಈ ಒಂದು ಜೀನಿನ ಕೆಲಸ ಅಂತ ನಾನು ಹೇಳುವುದಿಲ್ಲ, ಮೇವು, ಕರು ಹಾಕಿ ಎಷ್ಟು ತಿಂಗಳಾಯ್ತು, ಎಲ್ಲ ಸೇರ್ತದೆ, ಆದ್ರೂ ಅಮ್ಮ ಚಮಚದಲ್ಲಿ ಕೆನೆ ಎತ್ತುವಾಗ ನನಗೆ 14ನೇ ಕ್ರೋಮೋಸೋಮ್ ನೆನಪಾಗ್ತದೆ.

ಈಗ ನನ್ನದೇ ಒಂದು ಮರ್ಯಾದೆ ಹೋದ ಕಥೆ. ಎರಡನೇ ವರ್ಷದಲ್ಲಿ ಒಬ್ಬಳು ಎಂಎಸ್ಸಿ ಹುಡುಗಿಗೆ ಪ್ರಾಜೆಕ್ಟ್ ಕೊಟ್ಟೆ, ಹಳೇ ಪೇಪರೊಂದರ ಮಾರ್ಕರ್ (ಡಿಎನ್‌ಎಯಲ್ಲಿ ಗುರುತಿಗೆ ಹಿಡಿಯುವ ಜಾಗ) ಪಟ್ಟಿ ತಕ್ಕೊಂಡು ಇಲ್ಲಿಂದ ಡೌನ್‌ಲೋಡ್ ಮಾಡಿದ ಫೈಲಿನ ಜೊತೆ ತಾಳೆ ನೋಡುವುದು, ಅಷ್ಟೇ. ಅವಳು ಮೂರು ತಿಂಗಳು ಕೂತು ಮಾಡಿದ್ಳು, ನಾನೂ ಸೈನ್ ಹಾಕಿದೆ. ವೈವಾ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಎರಡು ಪೇಜ್ ತಿರುಗಿಸಿದ್ರು, ಕನ್ನಡಕ ತೆಗೆದ್ರು, "ಹಾಲಿನ ಫ್ಯಾಟಿನ ಮೇಲೆ ಪ್ರಾಜೆಕ್ಟ್ ಮಾಡಿದ್ದೀರಿ, ಡಿಜಿಎಟಿ1 ಎಲ್ಲಿ ಹೋಯ್ತು ಮೇಡಮ್?" ಅಂದ್ರು. ಅವಳ ಮುಖ ನಾನು ನೋಡಿದೆ, ನನ್ನ ಮುಖ ಅವಳು ನೋಡಿದ್ಳು. ಆದದ್ದು ಇಷ್ಟು: ಹಳೇ ಪೇಪರಿನ ಲೆಕ್ಕ ಯುಎಂಡಿ 3.1 ಅನ್ನುವ ಜೀನೋಮ್ ನಕ್ಷೆಯದ್ದು, ನಾವು ಇಳಿಸಿಕೊಂಡ ಫೈಲ್ 2018ರ ಎಆರ್‌ಎಸ್-ಯುಸಿಡಿ 1.2 ನಕ್ಷೆಯದ್ದು. ಡಿಜಿಎಟಿ1ರ ಆ ಬದಲಾವಣೆ ಹಳೇದರಲ್ಲಿ 18,02,265ನೇ ಡಿಎನ್‌ಎ ಅಕ್ಷರದ ಹತ್ತಿರ ಇದ್ದದ್ದು ಹೊಸದರಲ್ಲಿ 6,11,019ರ ಹತ್ತಿರ ಬಂದು ಕೂತಿದೆ. ಹನ್ನೆರಡು ಲಕ್ಷ ಅಕ್ಷರದಷ್ಟು ಈಚೆಗೆ. ಪಡುಬಿದ್ರಿಯಲ್ಲಿ ಇಳಿಯುವವರು ಕುಂದಾಪುರಕ್ಕೆ ಟಿಕೆಟ್ ತಕ್ಕೊಂಡ ಹಾಗೆ ಆಯ್ತು. ಸೈಟಿನದ್ದು ಏನೂ ತಪ್ಪಿಲ್ಲ, ಎರಡೂ ನಕ್ಷೆಯ ಫೈಲ್ ಬೇರೆ ಬೇರೆ ಇಟ್ಟಿದ್ದಾರೆ, ಹೆಸರೂ ಹಾಕಿದ್ದಾರೆ, ನಾನೇ ಓದ್ಲಿಲ್ಲ. ಹುಡುಗಿಗೆ ಮಾರ್ಕ್ ಕಡಿಮೆ ಬಂತು, ಅದು ಇವತ್ತಿಗೂ ನನಗೆ ಹೊಟ್ಟೆ ಉರಿ.

ಆ ಹೊಸ ನಕ್ಷೆ ಯಾವ ದನದ್ದು ಗೊತ್ತುಂಟಾ? ಅಮೆರಿಕದ ಮೊಂಟಾನಾದಲ್ಲಿ ಇದ್ದ ಡೊಮಿನೆಟ್ ಅನ್ನುವ ಒಂದು ಹೆರೆಫೋರ್ಡ್ ದನದ್ದು. ಅಮ್ಮನಿಗೆ ಹೇಳಿದ್ರೆ "ಒಂದು ದನವನ್ನು ನೋಡಿ ಊರಿನ ದನಗಳಿಗೆಲ್ಲ ಅಳತೆ ಹಾಕುವುದಾ" ಅಂದ್ರು. ಪ್ರಶ್ನೆ ಸರಿಯಾಗಿಯೇ ಉಂಟು.

ಹಳೇ ಎಂಟ್ರಿಗಳ ವಿಷಯ ಬೇರೆ. ಒಂದೇ ಸಲಕ್ಕೆ ಸಾವಿರಾರು ಮಾರ್ಕರ್ ಓದುವ ಡಿಎನ್‌ಎ ಚಿಪ್ ಬರುವ ಮೊದಲಿನ ಕಾಲದವು ಸೆಂಟಿಮಾರ್ಗನ್ ಲೆಕ್ಕದಲ್ಲಿ, ಇಲ್ಲಿಂದ ಅಲ್ಲಿ ವರೆಗೆ ಅಂತ ಅಷ್ಟುದ್ದ ಇರ್ತವೆ. ಒಂದು ಸೆಂಟಿಮಾರ್ಗನ್ ಅಂದ್ರೆ ಸುಮಾರು ಹತ್ತು ಲಕ್ಷ ಅಕ್ಷರ, ಕೆಲವು ಎಂಟ್ರಿ ಇಪ್ಪತ್ತು ಮೂವತ್ತು ಸೆಂಟಿಮಾರ್ಗನ್ ಅಗಲ, ಅದರೊಳಗೆ ನೂರಾರು ಜೀನು. ಕಳ್ಳ ಉಡುಪಿ ಜಿಲ್ಲೆಯಲ್ಲೇ ಇದ್ದಾನೆ ಅಂತ ಪೊಲೀಸರು ಹೇಳಿದ ಹಾಗೆ. ಇಂಥವನ್ನು ನಾನು ಬದಿಗೆ ಇಡ್ತೇನೆ, ಚಿಪ್ ಕಾಲದ ಅಸೋಸಿಯೇಷನ್ ಎಂಟ್ರಿ ಮಾತ್ರ ತಕ್ಕೊಳ್ತೇನೆ.

ಇನ್ನೊಂದು, ಎಂಟ್ರಿ ಎಷ್ಟುಂಟು ಅಂತ ಎಣಿಸಿ ತೀರ್ಮಾನ ಮಾಡ್ಬೇಡಿ ಮಾರಾಯ್ರೆ. ಒಂದೇ ಅಧ್ಯಯನದಲ್ಲಿ ಒಂದೇ ಮಾರ್ಕರ್ ಹಾಲಿಗೂ ಬಂತು, ಫ್ಯಾಟಿಗೂ ಬಂತು, ಪ್ರೋಟೀನಿಗೂ ಬಂತು ಅಂದ್ರೆ ಅದು ಮೂರು ಎಂಟ್ರಿ. ಅಕ್ಕಪಕ್ಕದ ಮಾರ್ಕರ್‌ಗಳು ಒಟ್ಟಿಗೇ ಬರುವುದರಿಂದ ಅವೂ ಸೇರ್ತವೆ. ನನ್ನ ಸ್ಟೂಡೆಂಟ್ಸ್ "ಮೇಡಮ್ ಇಲ್ಲಿ 400 ಎಂಟ್ರಿ ಉಂಟು" ಅಂತ ಓಡಿಕೊಂಡು ಬರ್ತಾರೆ, ಎಷ್ಟು ಪೇಪರಿನದ್ದು ಅಂತ ಕೇಳಿದ್ರೆ ಎರಡು. ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರಿಗೆ ಗ್ಯಾಲೋ ಅಂತ ಒಂದು ಪ್ಯಾಕೇಜ್ ಉಂಟು, ಇಲ್ಲಿನ ಫೈಲನ್ನು ನೇರ ಹಾಕಿ ಯಾವ ಗುಣ ನಿಜವಾಗಿ ಜಾಸ್ತಿ ಬಂದಿದೆ ಅಂತ ಲೆಕ್ಕ ಮಾಡಿ ಕೊಡ್ತದೆ. ಅದು ಸಿಕ್ಕಿದ ಮೇಲೆ ನನ್ನ ಶನಿವಾರಗಳು ಉಳಿದವು.

ಎರಡು ಸ್ಟಾರ್ ಯಾಕೆ ಅಂದ್ರೆ, ತಳಿ ಅನ್ನುವ ಕಾಲಮ್ ನೋಡ್ತಾ ಹೋಗಿ. ಹೋಲ್‌ಸ್ಟೀನ್, ಹೋಲ್‌ಸ್ಟೀನ್, ಆಂಗಸ್, ಹೋಲ್‌ಸ್ಟೀನ್, ಜೆರ್ಸಿ. ಡುಬ್ಬದ ದನ ಅಂತ ಕಂಡ್ರೆ ಮುಖ್ಯವಾಗಿ ನೆಲ್ಲೋರ್. ಅದು ಆಂಧ್ರದ ಒಂಗೋಲ್ ದನವೇ, ಬ್ರೆಜಿಲ್‌ಗೆ ಹೋಗಿ ಮಾಂಸದ ದನ ಆದದ್ದು, ಅದರ ಮೇಲೆ ಅಧ್ಯಯನ ಮಾಡಿದವರೂ ಅಲ್ಲಿಯವರೇ. ಡೇಟಾಬೇಸ್‌ನವರನ್ನು ಬೈದು ಸುಖ ಇಲ್ಲ, ಅವರು ಇದ್ದದ್ದನ್ನು ಒಟ್ಟು ಮಾಡುವವರು. ಸಾವಿರಗಟ್ಟಲೆ ದನಗಳ ಹಾಲಿನ ರೆಕಾರ್ಡ್ ಇದ್ದಲ್ಲಿ ಮಾತ್ರ ಇಂಥ ಕೆಲಸ ಆಗುವುದು. ಮಲೆನಾಡು ಗಿಡ್ಡ ದೇಶದ ಪ್ರಾಣಿ ತಳಿಗಳನ್ನು ನೋಂದಣಿ ಮಾಡುವ ಕರ್ನಾಲ್‌ನ ಎನ್‌ಬಿಎಜಿಆರ್ ಸಂಸ್ಥೆಯ ಪಟ್ಟಿಯಲ್ಲಿ ತಳಿ ಅಂತ ನೋಂದಣಿ ಆಗಿದೆ, ಆದ್ರೆ ಗುಡ್ಡೆಗೆ ಬಿಟ್ಟ ಗಿಡ್ಡನ ಹಾಲು ದಿನಾ ಅಳೆದು ಬರೆದಿಡುವವರು ಯಾರು? ಹಾಗಾಗಿ ನಕ್ಷೆಯಲ್ಲಿ ಖಾಲಿ ಕಂಡ ಜಾಗಕ್ಕೆ ಅಲ್ಲಿ ಏನೂ ಇಲ್ಲ ಅಂತ ಅರ್ಥ ಮಾಡ್ಬೇಡಿ, ಅಲ್ಲಿ ಯಾರೂ ಹೋಗಿ ನೋಡಿಲ್ಲ ಅಂತ ಓದಿ. ಇದು ತಲೆಗೆ ಹೋಗ್ಲಿಕ್ಕೆ ನನಗೇ ಎರಡು ವರ್ಷ ಬೇಕಾಯ್ತು.

ಹೈದರಾಬಾದಿನ ಪ್ರಾಣಿ ಬಯೋಟೆಕ್ ಸಂಸ್ಥೆ ಎನ್‌ಐಎಬಿ 2021ರಲ್ಲಿ ದೇಸಿ ದನಕ್ಕೆ ಇಂಡಿಗೌ ಅಂತ 11,496 ಮಾರ್ಕರ್‌ನ ಚಿಪ್ ತಂದಿದೆ, 2024ರ ಅಕ್ಟೋಬರಲ್ಲಿ ದನಕ್ಕೆ ಗೌಚಿಪ್, ಎಮ್ಮೆಗೆ ಮಹಿಷ್‌ಚಿಪ್ ಅಂತ ಇನ್ನೆರಡು ಬಿಡುಗಡೆ ಆಯ್ತು. ಚಿಪ್ ಬಂತು, ರೆಕಾರ್ಡ್ ಬರ್ಬೇಕು.

ನಮ್ಮ ಮಾವನದ್ದೊಂದು ಕಾಟ. ಮಂಗಳೂರಿನ ಫ್ಲಾಟಿನವರಿಗೆ ಎ2 ಹಾಲು ಅಂತ ಮಾರುವ ಐಡಿಯಾ ಬಂತು ಅವರಿಗೆ, "ನಿನ್ನ ಸೈಟಲ್ಲಿ ನೋಡಿ ನಮ್ಮ ಕ್ರಾಸ್ ದನ ಎ2 ಹೌದಾ ಹೇಳು ಮಗಾ" ಅಂತ ದಿನಾ ಫೋನು. ಸೈಟ್ ನೋಡಿ ಅದು ಹೇಳ್ಲಿಕ್ಕೆ ಆಗುವುದಿಲ್ಲ ಮಾವ, 6ನೇ ಕ್ರೋಮೋಸೋಮಿನ ಬೀಟಾ ಕೇಸಿನ್ ಜೀನಿನ ಪ್ರೋಟೀನಿನಲ್ಲಿ 67ನೇ ಸ್ಥಾನದಲ್ಲಿ ಪ್ರೋಲಿನ್ ಇದ್ರೆ ಎ2, ಹಿಸ್ಟಿಡಿನ್ ಇದ್ರೆ ಎ1 ಅಂತ ಗೊತ್ತು, ನಿಮ್ಮ ದನದ್ದು ಯಾವುದು ಅಂತ ಗೊತ್ತಾಗ್ಬೇಕಾದ್ರೆ ಅದರ ರಕ್ತವೋ ಬಾಲದ ಕೂದಲೋ ಟೆಸ್ಟಿಗೆ ಹೋಗ್ಬೇಕು, ಕ್ರಾಸ್ ಆದ ಕಾರಣ ಅರ್ಧ ಅದು ಅರ್ಧ ಇದು ಇರ್ಲಿಕ್ಕೂ ಸಾಕು ಅಂದೆ. ಅವರು "ಮತ್ತೆ ಎಂತಕ್ಕೆ ಅಷ್ಟು ಓದಿದ್ದು" ಅಂತ ಫೋನ್ ಇಟ್ರು.

ಒಂದೇ ಜೀನಿನಿಂದ ಬರುವ ರೋಗ, ಕೋಡಿಲ್ಲದ್ದು, ಇಂಥವಕ್ಕೆ ಇದಕ್ಕಿಂತ ಸಿಡ್ನಿ ಯೂನಿವರ್ಸಿಟಿಯ ಓಮಿಯಾ ಅನ್ನುವ ಡೇಟಾಬೇಸ್ ಒಳ್ಳೇದು. ಎಚ್‌ಎಫ್ ಸಾಕುವವರು ಬ್ಲಾಡ್ ಅನ್ನುವ, ಕರುವಿನ ರೋಗ ತಡೆಯುವ ಶಕ್ತಿ ಕೆಡಿಸುವ ರೋಗದ ಬಗ್ಗೆ ಅಲ್ಲಿ ಓದಿ, ವೀರ್ಯ ಕೇಂದ್ರದಲ್ಲಿ ಹೋರಿಗಳನ್ನು ಅದಕ್ಕೆ ಯಾಕೆ ಟೆಸ್ಟ್ ಮಾಡ್ತಾರೆ ಅಂತ ಅರ್ಥ ಆಗ್ತದೆ. ಅಯೋವಾದವರದ್ದೇ ಕಾರ್‌ಡಿಬಿ ಅಂತ ಇನ್ನೊಂದು ಉಂಟು, ಹಾಲು ಜಾಸ್ತಿ ಆದ್ರೆ ಗಬ್ಬ ನಿಲ್ಲುವುದು ಕಷ್ಟ ಆಗ್ತದಾ ಅಂಥ ಎರಡು ಗುಣಗಳ ನಂಟು ನೋಡ್ಲಿಕ್ಕೆ, ನಾನು ಅಪರೂಪಕ್ಕೆ ತೆಗೆಯುವುದು.

ಬಳಸುವವರಿಗೆ ಹೇಳುವುದು ಇಷ್ಟೇ, ಫೈಲ್ ಇಳಿಸಿದ ಕೂಡಲೇ ಅದರ ಹೆಸರಲ್ಲಿ ರಿಲೀಸ್ ನಂಬರೂ ನಕ್ಷೆಯ ಹೆಸರೂ ಸೇರಿಸಿಡಿ, ವರ್ಷದಲ್ಲಿ ಹಲವು ಸಲ ಹೊಸ ರಿಲೀಸ್ ಬರ್ತದೆ, ಆರು ತಿಂಗಳು ಬಿಟ್ಟು ನೋಡಿದ್ರೆ ಯಾವುದು ಯಾವುದು ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ.

ಅಂದ ಹಾಗೆ ರೆಕಾರ್ಡ್ ಅಂದೆನಲ್ಲ, ನಮ್ಮ ಹಟ್ಟಿಯದ್ದು ಉಂಟು. ಇಂಜೆಕ್ಷನ್ ಕೊಡಿಸಿದ ದಿನ, ಕರು ಹಾಕಿದ ದಿನ, ಹಾಲು ಬತ್ತಿದ ದಿನ ಎಲ್ಲ ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುವುದು, ಏಕಾದಶಿಗೂ ಸಂಕಷ್ಟಿಗೂ ನಡುವೆ ಸಣ್ಣ ಅಕ್ಷರದಲ್ಲಿ. ಹಳೇ ಕ್ಯಾಲೆಂಡರ್‌ಗಳನ್ನು ಸುತ್ತಿ ಅಟ್ಟದಲ್ಲಿ ಇಟ್ಟಿದ್ದಾರೆ, ಈ ಸಲ ರಜೆಯಲ್ಲಿ ಕೂತು ಎಕ್ಸೆಲ್‌ಗೆ ಹಾಕಿದೆ, ಹದಿನೇಳು ವರ್ಷದ್ದು ಸಿಕ್ತು. 2009ರದ್ದು ಮಾತ್ರ ಇಲ್ಲ, ಅದರ ಹಾಳೆಯಲ್ಲಿ ನನ್ನ ಪಿಯುಸಿ ಬಯಾಲಜಿ ರೆಕಾರ್ಡ್ ಬುಕ್ಕಿಗೆ ಬೈಂಡ್ ಹಾಕಿದ್ದೆ.